ಕೋರ್ ತಣ್ಣಗಿದೆ, ಮೆಮೊರಿ ಕುದಿಯುತ್ತಿದೆ: ವಾಟರ್ ಕೂಲಿಂಗ್ ಕೊಳ್ಳುವ ಮುಂಚೆ ಬಿಸಿ ಎಲ್ಲಿದೆ ಅಂತ ಪತ್ತೆ ಮಾಡಿ

ದೂರು ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ. ಕೆಲಸ ಶುರು ಮಾಡಿದ ಮೊದಲ ಹತ್ತು ನಿಮಿಷ ಎಲ್ಲಾ ಸರಿ. ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗಲು ಶುರು ಮಾಡುತ್ತದೆ, ರೆಂಡರ್ ನಿಧಾನ ಆಗುತ್ತದೆ, ಗೇಮ್ ತಡವರಿಸುತ್ತದೆ. ತಾಪಮಾನ ನೋಡಿದರೆ 66 ಡಿಗ್ರಿ. 66 ಅಂದರೆ ಏನೂ ಅಲ್ಲ ಅಲ್ವಾ? ಹಾಗಾಗಿ ತಲೆ ಕೆಡುತ್ತದೆ. ಮುಂದಿನ ಮಾತು ‘ವಾಟರ್ ಕೂಲಿಂಗ್ ಹಾಕಿಸಿಬಿಡ್ತೀನಿ’.

ಹಾಕಿಸಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಬಿಸಿ ಆಗುತ್ತಿರುವುದು ಯಾವ ಚಿಪ್ಪು? ಅದರ ಮೇಲೆ ತಣ್ಣನೆಯ ಲೋಹ ಗಟ್ಟಿಯಾಗಿ ಒತ್ತಿಕೊಂಡು ಕೂತಿದೆಯಾ? ಇದು ಗೊತ್ತಿಲ್ಲದೆ ಕೊಂಡರೆ ದುಡ್ಡು ಹೋಗುತ್ತದೆ, ಬಿಸಿ ಇದ್ದಲ್ಲೇ ಇರುತ್ತದೆ. ಎಷ್ಟೋ ಜನ ದೊಡ್ಡ ರೇಡಿಯೇಟರ್, ಒಳ್ಳೇ ಪಂಪ್ ಎಲ್ಲಾ ಹಾಕಿದ ಮೇಲೂ ಅದೇ ದೂರು ಹೇಳುವುದು ಇದೇ ಕಾರಣಕ್ಕೆ.

ಉದಾಹರಣೆಗೆ ಎನ್ವಿಡಿಯಾ ಆರ್‌ಟಿಎಕ್ಸ್ 3090 ತಗೊಳ್ತೀನಿ. 2020ರ ಸೆಪ್ಟೆಂಬರ್‌ನಲ್ಲಿ ಬಂದ ಕಾರ್ಡು. ಹಳೇದಾದರೂ 24 ಜಿಬಿ ಮೆಮೊರಿ ಇದೆ ಅನ್ನೋ ಒಂದೇ ಕಾರಣಕ್ಕೆ ಮನೆಯಲ್ಲೇ ಎಐ ಮಾಡೆಲ್ ಓಡಿಸುವವರು, ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವರು ಈಗಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿಕೊಂಡು ಹೋಗುತ್ತಾರೆ. ಮೆಮೊರಿ ಬಿಸಿಯ ತೊಂದರೆ ಇದರಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆ ಕಾರ್ಡಿನಲ್ಲಿ ಕಾಣಿಸುವುದಿಲ್ಲ.

ಕಾರ್ಡಿನ ಬೆನ್ನಲ್ಲೂ ಮೆಮೊರಿ ಇದೆ

ಕಾರ್ಡ್ ಬಿಚ್ಚಿ ನೋಡಿದರೆ ನಡುವೆ ದೊಡ್ಡ ಕೋರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪು, ಸುತ್ತ ಮೆಮೊರಿ ಚಿಪ್ಪುಗಳು, ಆಚೀಚೆ ಕರೆಂಟ್ ಹಂಚುವ ವಿಆರ್‌ಎಂ ಭಾಗಗಳು. 3090 ಬರುವ ಹೊತ್ತಿಗೆ ಈ ಜಾತಿಯ ಮೆಮೊರಿ, ಅಂದರೆ ಜಿಡಿಡಿಆರ್6ಎಕ್ಸ್, ಒಂದು ಚಿಪ್ಪಿಗೆ 1 ಜಿಬಿ ಮಾತ್ರ ಸಿಗುತ್ತಿತ್ತು. 24 ಜಿಬಿ ಬೇಕಂದರೆ 24 ಚಿಪ್ಪು ಬೇಕು. ಮುಂದೆ ಅಷ್ಟಕ್ಕೆ ಜಾಗ ಇಲ್ಲ. ಹಾಗಾಗಿ 12 ಚಿಪ್ಪು ಕೋರ್ ಇರುವ ಕಡೆ, ಇನ್ನು 12 ಬೋರ್ಡಿನ ಹಿಂಭಾಗದಲ್ಲಿ, ಬ್ಯಾಕ್‌ಪ್ಲೇಟ್ ಅನ್ನೋ ತಗಡಿನ ಕೆಳಗೆ ಕೂತಿವೆ.

ಮುಂದಿನ 12 ಚಿಪ್ಪಿಗೆ ದೊಡ್ಡ ಹೀಟ್‌ಸಿಂಕ್ ಇದೆ, ಫ್ಯಾನ್ ಇದೆ. ಹಿಂದಿನವಕ್ಕೆ ಒಂದು ಥರ್ಮಲ್ ಪ್ಯಾಡ್, ಅಂದರೆ ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ, ಅದರ ಮೇಲೆ ಆ ಲೋಹದ ತಗಡು, ಅಷ್ಟೇ. ಆ ತಗಡಿನ ಮೇಲೆ ಗಾಳಿ ಬೀಸುವವರು ಯಾರೂ ಇಲ್ಲ. ಅದೂ ಸಾಲದು ಅಂತ ಈ ಮೆಮೊರಿ ಒಂದೊಂದು ಪಿನ್ನಿನಲ್ಲಿ ಸೆಕೆಂಡಿಗೆ 19.5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ, ಹಿಂದಿನ ಜಿಡಿಡಿಆರ್6ಗಿಂತ ಜಾಸ್ತಿ ಬಿಸಿ ಆಗುತ್ತದೆ. ಇಡೀ ಕಾರ್ಡ್ 350 ವ್ಯಾಟ್ ಎಳೆಯುತ್ತದೆ, ಆ ಬಿಸಿ ಬೋರ್ಡಿನ ಮೂಲಕವೂ ಹಿಂದಕ್ಕೆ ಹರಿಯುತ್ತದೆ.

2022ರ ಮಾರ್ಚ್‌ನಲ್ಲಿ ಬಂದ 3090 ಟಿಐನಲ್ಲಿ 2 ಜಿಬಿಯ 12 ಚಿಪ್ಪು ಹಾಕಿ ಎಲ್ಲವನ್ನೂ ಮುಂದಕ್ಕೆ ತಂದರು. ಆ ಕಾರ್ಡ್ 450 ವ್ಯಾಟಿನದ್ದು, ಆದರೂ ಮೆಮೊರಿ ತಣ್ಣಗೆ ಇಡುವುದು ಸುಲಭ. 4090ನಲ್ಲೂ 12 ಚಿಪ್ಪು, ಎಲ್ಲಾ ಮುಂದೆ. 10 ಜಿಬಿಯ 3080ನಲ್ಲಿ 10 ಚಿಪ್ಪು, ಅವೂ ಮುಂದೆ. ಅಂದರೆ ಬೆನ್ನಿನ ಮೆಮೊರಿಯ ತಲೆನೋವು 3090 ಇಟ್ಟುಕೊಂಡವರದ್ದು. ಮಿಕ್ಕ ಕಾರ್ಡಿನವರು ಬ್ಯಾಕ್‌ಪ್ಲೇಟ್ ಬಗ್ಗೆ ಕೆಳಗೆ ಬರೆದಿರುವುದನ್ನು ಬಿಟ್ಟು ಮಿಕ್ಕಿದ್ದನ್ನು ಓದಬಹುದು.

ಯಾವ ಸಂಖ್ಯೆ ನೋಡಬೇಕು

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುವುದು ಕೋರಿನ ತಾಪಮಾನ ಒಂದನ್ನೇ. ಅದನ್ನು ನಂಬಿಕೊಂಡು ಕೂತರೆ ಏನೂ ಗೊತ್ತಾಗುವುದಿಲ್ಲ. ಎಚ್‌ಡಬ್ಲ್ಯೂಇನ್ಫೋ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಜಿಪಿಯು-ಝಡ್ ಕೂಡ ಆಗುತ್ತದೆ. ಅದರಲ್ಲಿ ಮೂರು ಸಾಲು ಹುಡುಕಿ: ಜಿಪಿಯು ಟೆಂಪರೇಚರ್, ಹಾಟ್ ಸ್ಪಾಟ್, ಮೆಮೊರಿ ಜಂಕ್ಷನ್. ಮೊದಲನೆಯದು ಕೋರ್. ಎರಡನೆಯದು ಆ ಕೋರಿನಲ್ಲೇ ಅತಿ ಬಿಸಿಯಾದ ಜಾಗ. ಮೂರನೆಯದು ಮೆಮೊರಿ ಚಿಪ್ಪಿನ ಒಳಗಿನ ಬಿಸಿ. ಎಲ್ಲಾ ಚಿಪ್ಪಿಗೂ ಸೇರಿ ತೋರಿಸುವುದು ಒಂದೇ ಸಂಖ್ಯೆ, ಅದು ಮುಂದಿನ ಚಿಪ್ಪಿನದ್ದೋ ಹಿಂದಿನದ್ದೋ ಅಂತ ಹೇಳುವುದಿಲ್ಲ. ಅದಕ್ಕೇ ಕೆಳಗಿನ ಪರೀಕ್ಷೆಗಳು ಬೇಕಾಗುವುದು.

ಈ ಮೂರರ ಜೊತೆ ಕೋಣೆಯ ತಾಪಮಾನವನ್ನೂ ಬರೆದಿಟ್ಟುಕೊಳ್ಳಿ. ಬೆಂಗಳೂರಿನ ಡಿಸೆಂಬರ್ ರಾತ್ರಿ ತೆಗೆದ ಸಂಖ್ಯೆಯನ್ನು ರಾಯಚೂರಿನ ಏಪ್ರಿಲ್ ಮಧ್ಯಾಹ್ನದ್ದಕ್ಕೆ ಹೋಲಿಸಿದರೆ ಅರ್ಥವೇ ಇಲ್ಲ. ಕೋಣೆ ಹತ್ತು ಡಿಗ್ರಿ ಏರಿದರೆ ಒಳಗಿನ ಎಲ್ಲಾ ಸಂಖ್ಯೆಗಳೂ ಸುಮಾರು ಅಷ್ಟೇ ಏರುತ್ತವೆ.

ಲಿನಕ್ಸ್ ಬಳಸುವವರಿಗೆ ಒಂದು ಮಾತು: ಎನ್ವಿಡಿಯಾದ ಸ್ವಂತ ಎಸ್‌ಎಂಐ ಕಮಾಂಡು 3090 ಥರದ ಜೀಫೋರ್ಸ್ ಕಾರ್ಡಿನ ಮೆಮೊರಿ ತಾಪಮಾನ ತೋರಿಸುವುದಿಲ್ಲ. ಒಮ್ಮೆ ವಿಂಡೋಸ್ ಹಾಕಿ ಅಳೆದುಬಿಡುವುದು ಸುಲಭದ ದಾರಿ.

3090ನಲ್ಲಿ ಮೆಮೊರಿ ಜಂಕ್ಷನ್ 110 ಮುಟ್ಟಿದರೆ ಕಾರ್ಡು ತಾನಾಗಿಯೇ ವೇಗ ಇಳಿಸುತ್ತದೆ. ಎಚ್‌ಡಬ್ಲ್ಯೂಇನ್ಫೋದಲ್ಲಿ ಪರ್ಫಾರ್ಮೆನ್ಸ್ ಲಿಮಿಟ್ ಅಂತ ಕೆಲವು ಸಾಲು ಇವೆ, ಅದರಲ್ಲಿ ಥರ್ಮಲ್ ಅನ್ನೋದರ ಮುಂದೆ ‘ಯೆಸ್’ ಬಂದರೆ ಬಿಸಿಯಿಂದಲೇ ನಿಧಾನ ಆಗುತ್ತಿದೆ ಅಂತ ಖಾತ್ರಿ. ಕೋರ್ 66, ಮೆಮೊರಿ 110, ಥರ್ಮಲ್ ಯೆಸ್ — ಈ ಮೂರೂ ಒಟ್ಟಿಗೆ ಕಂಡರೆ ನಿಮ್ಮ ತೊಂದರೆ ಏನು ಅನ್ನೋದು ಅಲ್ಲಿಗೆ ಗೊತ್ತಾಯಿತು. ನನ್ನ ಲೆಕ್ಕದಲ್ಲಿ 95ರ ಒಳಗಿದ್ದರೆ ಆರಾಮ. 100 ದಾಟಿದರೆ ಏನಾದರೂ ಮಾಡಬೇಕು. 106, 108ರಲ್ಲಿ ದಿನವಿಡೀ ಓಡಿಸುವುದು ನನಗೆ ಒಪ್ಪಿಗೆ ಇಲ್ಲ, ಕಾರ್ಡು ನಿಧಾನ ಆಗದೇ ಇದ್ದರೂ.

ಸರಿಯಾದ ಲೋಡ್ ಕೊಡಿ

ತುಂಬಾ ಜನ ಫರ್‌ಮಾರ್ಕ್ ಅನ್ನೋ ಪರೀಕ್ಷೆಯ ಪ್ರೋಗ್ರಾಂ ಓಡಿಸಿ ಎಲ್ಲಾ ಸರಿ ಇದೆ ಅಂದುಕೊಳ್ಳುತ್ತಾರೆ. ಅದು ಕೋರನ್ನು ಚೆನ್ನಾಗಿ ಕಾಯಿಸುತ್ತದೆ, ಮೆಮೊರಿಯನ್ನು ಅಷ್ಟಾಗಿ ದುಡಿಸುವುದಿಲ್ಲ. ಮೆಮೊರಿಗೆ ನಿಜವಾದ ಪರೀಕ್ಷೆ ಈಗ ಮನೆಯಲ್ಲಿ ಓಡಿಸುವ ಭಾಷಾ ಮಾಡೆಲ್. ಅದು ಒಂದೊಂದು ಟೋಕನ್, ಅಂದರೆ ಪದದ ತುಂಡು, ಬರೆಯುವಾಗಲೂ ಮಾಡೆಲ್ಲಿನ ಎಲ್ಲಾ ತೂಕಗಳನ್ನು (ಅದು ಕಲಿತಿಟ್ಟ ಸಂಖ್ಯೆಗಳನ್ನು) ಮೆಮೊರಿಯಿಂದ ಒಮ್ಮೆ ಓದಬೇಕು. 3090ರ ಮೆಮೊರಿ ಸೆಕೆಂಡಿಗೆ 936 ಜಿಬಿ ಓದಬಲ್ಲದು. 20 ಜಿಬಿಯ ಮಾಡೆಲ್ ಹಾಕಿದರೆ ಸೆಕೆಂಡಿಗೆ 46 ಟೋಕನ್ ಅನ್ನೋದು ಗಡಿ, ಕೋರ್ ಎಷ್ಟೇ ಬಲವಾಗಿದ್ದರೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಅಂದರೆ ಕೋರ್ ಅರ್ಧ ಖಾಲಿ ಕೂತಿರುವಾಗಲೂ ಮೆಮೊರಿ ಎಡೆಬಿಡದೆ ದುಡಿಯುತ್ತಿರುತ್ತದೆ. ಕೋರ್ ತಣ್ಣಗಿರುವುದರಿಂದ ಶುರುವಿನಲ್ಲಿ ಫ್ಯಾನ್ ಕೂಡ ನಿಧಾನಕ್ಕೆ ತಿರುಗುತ್ತದೆ, ಮೆಮೊರಿ ಇನ್ನೂ ಕಾಯುತ್ತದೆ.

ನಿಮ್ಮ ದಿನದ ಕೆಲಸ ಯಾವುದೋ ಅದನ್ನೇ ಕನಿಷ್ಠ ಅರ್ಧ ಗಂಟೆ ಓಡಿಸಿ. ಕೋರ್ ಒಂದೆರಡು ನಿಮಿಷದಲ್ಲಿ ನೆಲೆ ನಿಲ್ಲುತ್ತದೆ, ಆದರೆ ಬ್ಯಾಕ್‌ಪ್ಲೇಟ್ ಕಾಯಲು ಹೊತ್ತು ಬೇಕು. ಐದು ನಿಮಿಷಕ್ಕೆ ನಿಲ್ಲಿಸಿ 92 ಅಂತ ಬರೆದುಕೊಂಡರೆ ಆ ಸಂಖ್ಯೆ ಸುಳ್ಳು ಹೇಳುತ್ತದೆ.

ಮೊದಲು ಮೆಮೊರಿ ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಜಾಸ್ತಿ ವೇಗ, ಏನಾದರೂ ಹಾಕಿದ್ದರೆ ತೆಗೆಯಿರಿ. ಈ ಕಾರ್ಡುಗಳಲ್ಲಿ ಮೆಮೊರಿ ತಪ್ಪು ಮಾಡಿದರೆ ಅದನ್ನು ಹಿಡಿದು ಮತ್ತೆ ಕಳಿಸುವ ವ್ಯವಸ್ಥೆ ಇದೆ. ಹಾಗಾಗಿ ಓವರ್‌ಕ್ಲಾಕ್ ಅತಿಯಾದರೆ ಕ್ರ್ಯಾಶ್ ಆಗದೆ ಸುಮ್ನೆ ನಿಧಾನ ಆಗುತ್ತದೆ. ಅದನ್ನು ಬಿಸಿಯ ತೊಂದರೆ ಅಂದುಕೊಂಡು ಕೂಲಿಂಗ್ ಹಿಂದೆ ಬೀಳಬೇಡಿ.

ಬೆನ್ನಿನ ಮೇಲೆ ಒಂದು ಫ್ಯಾನ್

ಎಲ್ಲಕ್ಕಿಂತ ಜಾಸ್ತಿ ವಿಷಯ ಹೇಳುವ ಪರೀಕ್ಷೆ ಇದು, ಖರ್ಚೂ ಇಲ್ಲ. ಮೆಮೊರಿ ಬಿಸಿಯಾಗಿ ಒಂದು ಸಂಖ್ಯೆಯಲ್ಲಿ ನೆಲೆ ನಿಂತ ಮೇಲೆ ಕೇಸಿನ ಪಕ್ಕದ ಬಾಗಿಲು ತೆಗೆಯಿರಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಕೋರ್, ಮೆಮೊರಿ ಎರಡೂ ಚೆನ್ನಾಗಿ ಇಳಿದರೆ ತೊಂದರೆ ಕಾರ್ಡಿನದ್ದಲ್ಲ, ಕೇಸಿನೊಳಗೆ ಗಾಳಿ ಆಡುತ್ತಿಲ್ಲ. ಮುಂದಿನ ಫಿಲ್ಟರಿನ ಧೂಳು ತೆಗೆದು, ಇನ್ನೆರಡು ಕೇಸ್ ಫ್ಯಾನ್ ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಇಳಿಯದಿದ್ದರೆ ಒಂದು 120 ಮಿಲಿಮೀಟರ್ ಫ್ಯಾನ್ ತಗೊಂಡು ಬ್ಯಾಕ್‌ಪ್ಲೇಟ್ ಮೇಲೆ ನೇರವಾಗಿ ಗಾಳಿ ಬೀಳುವ ಹಾಗೆ ಇಡಿ. ಹತ್ತು ನಿಮಿಷ ಕಾಯಿರಿ. ಕೋರ್ ಇದ್ದ ಹಾಗೇ ಇದ್ದು ಮೆಮೊರಿ ಮಾತ್ರ ಐದು, ಎಂಟು, ಹತ್ತು ಡಿಗ್ರಿ ಇಳಿದರೆ ಅತಿ ಬಿಸಿಯ ಚಿಪ್ಪು ಹಿಂದುಗಡೆ ಇದೆ. ಮುಂದೆ ಮಾತ್ರ ನೀರು ಹರಿಸುವ ಬ್ಲಾಕಿನಿಂದ (ಚಿಪ್ಪಿನ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ಭಾಗ) ನಿಮ್ಮ ತೊಂದರೆ ಪೂರ್ತಿ ಹೋಗುವುದಿಲ್ಲ. ಒಂದು ಡಿಗ್ರಿ ಕೂಡ ಅಲ್ಲಾಡದಿದ್ದರೆ ಎರಡು ಸಾಧ್ಯತೆ: ಒಂದೋ ಬಿಸಿ ಮುಂದಿನ ಚಿಪ್ಪಿನಲ್ಲಿದೆ, ಇಲ್ಲವೇ ಹಿಂದಿನ ಚಿಪ್ಪಿಗೂ ತಗಡಿಗೂ ಸಂಪರ್ಕವೇ ಇಲ್ಲ. ಎರಡನೆಯದನ್ನು ಪತ್ತೆ ಮಾಡುವುದು ಹೇಗೆ ಅಂದರೆ ತಗಡಿನ ಬಿಸಿ ಅಳೆದು ನೋಡಬೇಕು. ಮೆಮೊರಿ 110 ತೋರಿಸುತ್ತಿರುವಾಗ ತಗಡು ಕೈಯಿಟ್ಟರೂ ತಡೆದುಕೊಳ್ಳುವಷ್ಟು ತಣ್ಣಗಿದ್ದರೆ ಬಿಸಿ ಅಲ್ಲಿಗೆ ಬಂದೇ ಇಲ್ಲ. ಆದರೆ ದಯವಿಟ್ಟು ಕೈಯಿಡಬೇಡಿ, ಸರಿಯಾಗಿ ಸಂಪರ್ಕ ಇರುವ 3090ರ ಬ್ಯಾಕ್‌ಪ್ಲೇಟ್ ಚರ್ಮ ಸುಡುತ್ತದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿ. ಹೊಳೆಯುವ ಲೋಹದ ಮೇಲೆ ಅದು ಕಮ್ಮಿ ತೋರಿಸುತ್ತದೆ, ಹಾಗಾಗಿ ಮೊದಲೇ ತಗಡಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಆ ತುಂಡಿನ ಮೇಲೆ ಗುರಿ ಇಡಿ.

ಇನ್ನೊಂದು ಪರೀಕ್ಷೆ ಆಫ್ಟರ್‌ಬರ್ನರ್‌ನಲ್ಲಿ, ಅಂದರೆ ಕಾರ್ಡಿನ ಪವರ್, ವೇಗ ಬದಲಾಯಿಸುವ ಸಾಫ್ಟ್‌ವೇರ್‌ನಲ್ಲಿ. ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿ. ಕೋರ್ ಚೆನ್ನಾಗಿ ಇಳಿಯುತ್ತದೆ, ಮೆಮೊರಿ ಸ್ವಲ್ಪವೇ ಇಳಿಯುತ್ತದೆ. ಆಮೇಲೆ ಪವರ್ ಮೊದಲಿನ ಹಾಗೆ ಮಾಡಿ ಮೆಮೊರಿ ಕ್ಲಾಕ್ 500 ಮೆಗಾಹರ್ಟ್ಸ್ ಇಳಿಸಿ. ಈಗ ಮೆಮೊರಿ ತಾಪಮಾನ ಇಳಿದು ಕೆಲಸದ ವೇಗ ಏರಿತು ಅಂದರೆ, ಹೌದು, ಏರಿತು, ಯಾಕಂದರೆ 110 ಮುಟ್ಟಿ ಬ್ರೇಕ್ ಹಾಕುವುದು ನಿಂತಿತಲ್ಲ, ಇನ್ನು ಅನುಮಾನಕ್ಕೆ ಜಾಗ ಇಲ್ಲ.

ಹಾಟ್ ಸ್ಪಾಟ್ ಮತ್ತು ಕೋರ್ ನಡುವಿನ ಅಂತರವನ್ನೂ ನೋಡಿ. 10ರಿಂದ 15 ಡಿಗ್ರಿ ಇದ್ದರೆ ಮಾಮೂಲು. 25, 30 ಇದ್ದರೆ ಕೋರಿನ ಮೇಲಿನ ಪೇಸ್ಟ್ ಒಣಗಿದೆ ಅಥವಾ ಕೂಲರ್ ಸಮವಾಗಿ ಕೂತಿಲ್ಲ. ಇದು ಬೇರೆ ದೋಷ, ಬೇರೆ ಮದ್ದು. ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಬಂದ ಹೊಸದರಲ್ಲಿ ಕೆಲವು ಕಾರ್ಡುಗಳಲ್ಲಿ ಹಾಟ್ ಸ್ಪಾಟ್ 110 ಮುಟ್ಟುತ್ತಿತ್ತು. ಕೂಲರಿನ ವೇಪರ್ ಚೇಂಬರಿನಲ್ಲೇ (ಒಳಗೆ ದ್ರವ ಇದ್ದು ಬಿಸಿ ಹರಡುವ ಟೊಳ್ಳು ತಟ್ಟೆ) ದೋಷ ಅಂತ 2023ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಕಾರ್ಡನ್ನು ಅಡ್ಡ ಇಟ್ಟಾಗ ಒಂದು, ನಿಲ್ಲಿಸಿದಾಗ ಇನ್ನೊಂದು ತಾಪಮಾನ ಬರುತ್ತಿದ್ದದ್ದು ಅದನ್ನು ಹಿಡಿಯಲು ಸಹಾಯ ಮಾಡಿತು. ವಾರಂಟಿ ಇರುವ ಕಾರ್ಡಿನಲ್ಲಿ ಇಂಥದ್ದು ಕಂಡರೆ ಸ್ಕ್ರೂ ಮುಟ್ಟದೆ ವಾಪಸ್ ಕೊಡಿ.

ಬಿಚ್ಚಿದಾಗ ಏನು ನೋಡಬೇಕು

ಬೆಂಗಳೂರಿನಲ್ಲಿ ಕಟ್ಟಡಗಳ ತ್ರೀಡಿ ಚಿತ್ರ ಮಾಡುವ ಗೆಳೆಯನೊಬ್ಬನ 3090 ನೋಡಿದ್ದೆ. ಹಿಂದೆ ಯಾರೋ ಬಳಸಿದ್ದ ಕಾರ್ಡು. ಅವನು ಆಗಲೇ ಬ್ಲಾಕ್, ಪಂಪ್ ಎಲ್ಲಾ ಪಟ್ಟಿ ಮಾಡಿ ಎಸ್‌ಪಿ ರೋಡಿಗೆ ಹೊರಟಿದ್ದ. ಬೆನ್ನಿಗೆ ಫ್ಯಾನ್ ಇಟ್ಟರೆ 110 ಇದ್ದದ್ದು 107ಕ್ಕೆ ಬಂತು, ಅಷ್ಟೇ. ಟೇಪಿನ ಮೇಲೆ ಅಳೆದರೆ ತಗಡು 60ರ ಸುತ್ತ. 3090ಗೆ ಅದು ತೀರಾ ತಣ್ಣಗೆ.

ಬ್ಯಾಕ್‌ಪ್ಲೇಟ್ ತೆಗೆದಾಗ ಉತ್ತರ ಕಣ್ಣೆದುರೇ ಇತ್ತು. ಹಿಂದಿನ ಮಾಲೀಕರು ಪ್ಯಾಡ್ ಬದಲಾಯಿಸಿದ್ದರು. ಒಳ್ಳೇ ಪ್ಯಾಡ್, ಮೆತ್ತಗಿತ್ತು. ಆದರೆ ಎರಡು ಪಟ್ಟಿಗಳ ಒಂದು ಬದಿಯಲ್ಲಿ ತೆಳು ನೀಲಿ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು, ಸುಲಿದಿರಲಿಲ್ಲ. ಬಿಸಿಗೆ ಅದರ ಅಂಚು ಮುರುಟಿತ್ತು. ಮಿಕ್ಕ ಪಟ್ಟಿಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಚಿಪ್ಪು ಸರಿಯಾಗಿ ಒತ್ತಿದ್ದರೆ ಪ್ಯಾಡಿನಲ್ಲಿ ನಾಲ್ಕು ಮೂಲೆಯೂ ಚೂಪಾಗಿರುವ ಆಯತದ ಗುಳಿ ಬೀಳುತ್ತದೆ, ಚಿಪ್ಪಿನ ಮೇಲೆ ಬರೆದ ಅಕ್ಷರದ ನೆರಳೂ ಕೆಲವೊಮ್ಮೆ ಕಾಣುತ್ತದೆ. ಇಲ್ಲಿ ಅರ್ಧ ಚಿಪ್ಪುಗಳ ಗುರುತೇ ಇರಲಿಲ್ಲ, ಒಂದೆರಡರಲ್ಲಿ ಒಂದು ಅಂಚು ಮಾತ್ರ ಒತ್ತಿತ್ತು. ಪ್ಯಾಡ್ ಬೇಕಾದ್ದಕ್ಕಿಂತ ತೆಳ್ಳಗಿತ್ತು. ಹಳೇದೆಲ್ಲಾ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಥರ್ಮಲ್ ಪಟ್ಟಿ ಬದಲು ಹಿಟ್ಟಿನ ಮುದ್ದೆಯಂಥ ಥರ್ಮಲ್ ಪುಟ್ಟಿ ಇಟ್ಟು ಮುಚ್ಚಿದೆವು. ಬೆನ್ನಿನ ಮೇಲೆ ಒಂದು ನಿಧಾನದ ಫ್ಯಾನ್ ಕಾಯಂ ಕೂತಿತು. ಅದೇ ರೆಂಡರಿಗೆ ಮೆಮೊರಿ 94. ಅವನಿಗೆ ವಾಟರ್ ಕೂಲಿಂಗ್ ಬೇಕಾಗಲೇ ಇಲ್ಲ.

ಆದ್ದರಿಂದ ನನ್ನ ಸಲಹೆ ಖಡಾಖಂಡಿತ: ಕಾರ್ಡಿಗೆ ವಾರಂಟಿ ಮುಗಿದಿದ್ದರೆ ಮೊದಲು ಪ್ಯಾಡ್, ಪೇಸ್ಟ್ ಸರಿ ಮಾಡಿ. ಅದರ ಖರ್ಚು ಒಂದು ವಾಟರ್ ಬ್ಲಾಕಿನ ಮುಂದೆ ಏನೇನೂ ಅಲ್ಲ. ಅದಾದ ಮೇಲೂ ಸಾಲದಿದ್ದರೆ, ಅಥವಾ ಸದ್ದು ತಡೆಯಲು ಆಗದಿದ್ದರೆ, ಆಗ ನೀರಿನ ಕಡೆ ಹೋಗಿ.

ಹಾಗಾದರೆ ಯಾವ ವಾಟರ್ ಕೂಲಿಂಗ್

ಮೊದಲು ಯಾವುದು ಬೇಡ ಅಂತ ಹೇಳ್ತೀನಿ. ಸಿಪಿಯುಗೆ ಹಾಕುವ ಎಐಒ ಕೂಲರನ್ನು (ಪಂಪ್, ರೇಡಿಯೇಟರ್, ಪೈಪ್ ಎಲ್ಲಾ ಸೇರಿ ಒಂದೇ ಆಗಿ ಬರುವುದು) ಒಂದು ಬ್ರಾಕೆಟ್ ಇಟ್ಟು ಗ್ರಾಫಿಕ್ಸ್ ಕಾರ್ಡಿಗೆ ಕೂರಿಸುವ ಕಿಟ್‌ಗಳಿವೆ. ಎನ್‌ಝಡ್‌ಎಕ್ಸ್‌ಟಿಯ ಕ್ರಾಕನ್ ಜಿ12 ಇಂಥದ್ದು, ಮೆಮೊರಿ ಮತ್ತು ವಿಆರ್‌ಎಂಗೆ ಅಂತ ಒಂದು 92 ಮಿಲಿಮೀಟರ್ ಫ್ಯಾನ್ ಕೊಡುತ್ತಿದ್ದರು. ಹಳೇ ಕಾಲದ, ಮೆಮೊರಿ ಅಷ್ಟು ಕಾಯದ ಕಾರ್ಡುಗಳಿಗೆ ಇದು ಚೆನ್ನಾಗಿಯೇ ನಡೆಯಿತು. ಜಿಡಿಡಿಆರ್6ಎಕ್ಸ್ ಇರುವ ಕಾರ್ಡಿಗೆ ಬೇಡ. ಯಾಕೆ ಅಂದರೆ, ಮೂಲ ಕೂಲರ್ ತೆಗೆದಾಗ ಮೆಮೊರಿಯ ಮೇಲೆ ಒತ್ತಿಕೊಂಡಿದ್ದ ದೊಡ್ಡ ಲೋಹವೂ ಹೋಗುತ್ತದೆ, ಅದರ ಜಾಗಕ್ಕೆ ಬರುವುದು ಅಂಟಿಸುವ ಪುಟ್ಟ ಹೀಟ್‌ಸಿಂಕ್. ನೀರು ಮುಟ್ಟುವುದು ಕೋರನ್ನು ಮಾತ್ರ. ಕೋರ್ 50 ಡಿಗ್ರಿ ತೋರಿಸುತ್ತದೆ, ಎಲ್ಲರಿಗೂ ಖುಷಿ, ಮೆಮೊರಿ ಮೊದಲಿಗಿಂತ ಕೆಟ್ಟದಾಗಿರುತ್ತದೆ.

ಫ್ಯಾಕ್ಟರಿಯಿಂದಲೇ ರೇಡಿಯೇಟರ್ ಜೊತೆ ಬರುವ ಹೈಬ್ರಿಡ್ ಕಾರ್ಡ್ ಕೊಳ್ಳುವಾಗಲೂ ಇದೇ ಪ್ರಶ್ನೆ ಕೇಳಿ. ನೀರು ಹರಿಯುವ ತಾಮ್ರದ ತಟ್ಟೆ ಮೆಮೊರಿಯ ಮೇಲೂ ಚಾಚಿದೆಯಾ, ಅಥವಾ ಕೋರಿಗೆ ನೀರು, ಮೆಮೊರಿಗೆ ಬೇರೆ ತಗಡು ಮತ್ತು ಫ್ಯಾನಾ? ಎರಡೂ ಥರದವು ಇವೆ. ಡಬ್ಬಿ ನೋಡಿದರೆ ಗೊತ್ತಾಗುವುದಿಲ್ಲ, ಬಿಚ್ಚಿದ ಫೋಟೋ ಹುಡುಕಿ ನೋಡಲೇಬೇಕು.

ಸರಿಯಾದ ಆಯ್ಕೆ ಫುಲ್ ಕವರ್ ಬ್ಲಾಕ್. ಇದು ಕೋರ್, ಮುಂದಿನ ಮೆಮೊರಿ, ವಿಆರ್‌ಎಂ ಎಲ್ಲವನ್ನೂ ಒಂದೇ ತಾಮ್ರದ ತಟ್ಟೆಯಲ್ಲಿ ಮುಚ್ಚುತ್ತದೆ. 3080, 3090 ಟಿಐ, 4090 ಇದ್ದವರಿಗೆ ಇಷ್ಟು ಸಾಕು, ಮೆಮೊರಿ ಒಮ್ಮೆಲೇ ತಣ್ಣಗಾಗುತ್ತದೆ. 3090 ಇದ್ದವರಿಗೆ ಇನ್ನೊಂದು ತೀರ್ಮಾನ ಬಾಕಿ ಇದೆ. ಬೋರ್ಡ್ ತಣ್ಣಗಾಗುವುದರಿಂದ ಹಿಂದಿನ ಚಿಪ್ಪುಗಳಿಗೂ ಸ್ವಲ್ಪ ಲಾಭ ಆಗುತ್ತದೆ, ಆದರೆ ಅವು ಈಗಲೂ ಒಣ ತಗಡಿನ ಕೆಳಗೇ ಇವೆ. ಗೇಮ್ ಆಡುವವರಿಗೆ ಒಣ ತಗಡು, ಒಳ್ಳೇ ಪ್ಯಾಡ್, ಮೇಲೊಂದು ಫ್ಯಾನ್ ಸಾಕು. ದಿನವಿಡೀ ಮಾಡೆಲ್ ಓಡಿಸುವವರಾದರೆ ಬೆನ್ನಿಗೂ ನೀರು ಹರಿಸುವ ಆಕ್ಟಿವ್ ಬ್ಯಾಕ್‌ಪ್ಲೇಟ್ ತಗೊಳ್ಳಿ. ಇಕೆ ಕಂಪನಿ 3080 ಮತ್ತು 3090ಗಾಗಿ ಇಂಥದ್ದನ್ನು ಮಾಡಿತ್ತು. ದುಡ್ಡು ಜಾಸ್ತಿ, ಫಿಟ್ಟಿಂಗ್ ಜಾಸ್ತಿ, ಕಾರ್ಡೂ ದಪ್ಪ ಆಗುತ್ತದೆ. ಮದರ್‌ಬೋರ್ಡಿನ ರ‍್ಯಾಮ್ ಕ್ಲಿಪ್ಪಿಗೆ, ಸಿಪಿಯು ಕೂಲರಿಗೆ ತಾಗುತ್ತದಾ ಅಂತ ಮೊದಲೇ ಅಳೆಯಿರಿ.

ಬ್ಲಾಕ್ ಕೊಳ್ಳುವಾಗ ‘3090ಗೆ ಆಗುತ್ತೆ’ ಅನ್ನೋ ಮಾತು ಸಾಲದು. ಒಂದೊಂದು ಕಂಪನಿಯ ಬೋರ್ಡು ಒಂದೊಂದು ಥರ. ಎನ್ವಿಡಿಯಾದ ಸ್ವಂತ ಫೌಂಡರ್ಸ್ ಎಡಿಷನ್ ಬೋರ್ಡು ಗಿಡ್ಡ, ಅದರ ತುದಿಯಲ್ಲಿ ವಿ ಆಕಾರದ ಕಚ್ಚು ಇದೆ, ಪವರ್ ಕನೆಕ್ಟರ್ ಕೂಡ 12 ಪಿನ್ನಿನದ್ದು. ರೆಫರೆನ್ಸ್ ಬೋರ್ಡು, ಅಂದರೆ ಬೇರೆ ಕಂಪನಿಗಳು ಬಳಸಲಿ ಅಂತ ಎನ್ವಿಡಿಯಾ ಕೊಡುವ ಮಾದರಿ ಬೋರ್ಡು, ಅದಲ್ಲ, ಬೇರೆಯೇ. ಈ ಎರಡನ್ನು ಒಂದೇ ಅಂದುಕೊಂಡು ಬ್ಲಾಕ್ ತರಿಸಿದವರು ವಾಪಸ್ ಕಳಿಸಲು ಒದ್ದಾಡುತ್ತಾರೆ. ಹೊರದೇಶದಿಂದ ತರಿಸಿದ್ದರಂತೂ ಕಸ್ಟಮ್ಸ್ ಕಟ್ಟಿದ ದುಡ್ಡೂ ಹೋಯಿತು. ನಿಮ್ಮ ಕಾರ್ಡಿನ ಪೂರ್ತಿ ಮಾಡೆಲ್ ನಂಬರ್ ಹಿಡಿದು ಬ್ಲಾಕ್ ತಯಾರಕರ ಪಟ್ಟಿಯಲ್ಲಿ ಹುಡುಕಿ.

ರೇಡಿಯೇಟರ್ ವಿಷಯ ಬೇಗ ಮುಗಿಸ್ತೀನಿ. 350 ವ್ಯಾಟಿನ ಕಾರ್ಡಿಗೆ ಒಂಟಿಯಾಗಿ 240 ಮಿಲಿಮೀಟರಿನದ್ದು ಅಂದರೆ ಇಕ್ಕಟ್ಟು, 360 ಆರಾಮ. ಸಿಪಿಯು ಕೂಡ ಅದೇ ಲೂಪಿನಲ್ಲಿ, ಅಂದರೆ ಅದೇ ನೀರಿನ ಸುತ್ತಿನಲ್ಲಿ, ಇದ್ದರೆ ಇನ್ನೊಂದು ರೇಡಿಯೇಟರ್ ಸೇರಿಸಿ. ನೀರಿನ ತಾಪಮಾನ ತೋರಿಸುವ ಸೆನ್ಸರ್ ಒಂದನ್ನು ಖಂಡಿತ ಹಾಕಿ. ಬೆಲೆ ಸಣ್ಣದು, ಮುಂದೆ ದೋಷ ಹುಡುಕುವಾಗ ಅದಿಲ್ಲದೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹಾಕಿದ ಮೇಲೂ ಬಿಸಿ ಆಗುತ್ತಿದ್ದರೆ

ಕೋರ್ ಚೆನ್ನಾಗಿದೆ, ನೀರೂ ತಣ್ಣಗಿದೆ, ಮೆಮೊರಿ ಮಾತ್ರ 100 ದಾಟಿದೆ ಅಂದರೆ ಪ್ಯಾಡ್. ಒಂದೋ ತೆಳ್ಳಗಾಯಿತು, ಇಲ್ಲವೇ ಹಾಳೆ ಸುಲಿದಿಲ್ಲ, ಇಲ್ಲವೇ ಜಾಗ ತಪ್ಪಿದೆ. ಬ್ಲಾಕಿನ ಜೊತೆ ಬಂದ ಕಾಗದದಲ್ಲಿ ಎಲ್ಲಿಗೆ 1 ಮಿಲಿಮೀಟರ್, ಎಲ್ಲಿಗೆ 1.5 ಅಂತ ಚಿತ್ರ ಇರುತ್ತದೆ, ಅದನ್ನೇ ಪಾಲಿಸಿ.

ಮೆಮೊರಿ ತಣ್ಣಗಿದೆ, ಕೋರ್ ಬಿಸಿ, ಹಾಟ್ ಸ್ಪಾಟ್ ಕೋರಿಗಿಂತ ಇನ್ನೂ 30 ಡಿಗ್ರಿ ಮೇಲೆ — ಇದು ಉಲ್ಟಾ ದೋಷ, ತುಂಬಾ ಸಾಮಾನ್ಯ. ಪ್ಯಾಡ್ ದಪ್ಪ ಆಯಿತು. ಒಂದು ಕಾಲು ಉದ್ದ ಇರುವ ಸ್ಟೂಲಿನ ಹಾಗೆ ಬ್ಲಾಕು ಪ್ಯಾಡುಗಳ ಮೇಲೆ ನಿಂತುಬಿಡುತ್ತದೆ, ಕೋರಿಗೆ ಸರಿಯಾಗಿ ತಾಗುವುದಿಲ್ಲ. ಇಂಥ ಕಡೆ ಸ್ಕ್ರೂ ಇನ್ನಷ್ಟು ಬಿಗಿ ಮಾಡಲು ಹೋಗಬೇಡಿ, ಕೋರಿನ ಮೂಲೆ ಸಿಡಿದರೆ ಕಾರ್ಡೇ ಹೋಯಿತು. ಬಿಚ್ಚಿ, ಸರಿಯಾದ ದಪ್ಪದ ಮೆತ್ತನೆಯ ಪ್ಯಾಡ್ ಹಾಕಿ. ಅಂಗಡಿಯಲ್ಲಿ ಜನ ಪ್ಯಾಡಿನ ಡಬ್ಬಿ ಮೇಲಿನ ವ್ಯಾಟ್ ಸಂಖ್ಯೆ, ಅಂದರೆ ಬಿಸಿ ಎಷ್ಟು ಚೆನ್ನಾಗಿ ದಾಟಿಸುತ್ತದೆ ಅನ್ನೋದು, ನೋಡಿ ಕೊಳ್ಳುತ್ತಾರೆ. ಆ ಸಂಖ್ಯೆ ದೊಡ್ಡದಿದ್ದು ಪ್ಯಾಡು ಗಟ್ಟಿಯಾಗಿದ್ದರೆ ಈ ಕೆಲಸಕ್ಕೆ ಬರುವುದಿಲ್ಲ. ನನಗೆ ಪುಟ್ಟಿ ಇಷ್ಟ ಆಗುವುದು ಇದಕ್ಕೇ, ಎಷ್ಟು ಸಂದು ಇದೆಯೋ ಅಷ್ಟಕ್ಕೆ ತಾನೇ ಚಪ್ಪಟೆ ಆಗುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಎಲ್ಲವೂ ಬಿಸಿ, ನೀರೂ ಬಿಸಿ ಅಂದರೆ ಬ್ಲಾಕ್ ತನ್ನ ಕೆಲಸ ಮಾಡುತ್ತಿದೆ, ರೇಡಿಯೇಟರ್ ಸಾಲದು ಅಥವಾ ಅದರ ಫ್ಯಾನ್ ಕೋರಿನ ತಾಪಮಾನ ನೋಡಿಕೊಂಡು ನಿಧಾನಕ್ಕೆ ತಿರುಗುತ್ತಿದೆ. ಫ್ಯಾನ್ ವೇಗವನ್ನು ನೀರಿನ ಸೆನ್ಸರಿಗೆ ಕಟ್ಟಿ. ಎಲ್ಲವೂ ಬಿಸಿ, ಆದರೆ ಸೆನ್ಸರಿನಲ್ಲಿ ನೀರು ತಣ್ಣಗೆ ಅಂದರೆ ನೀರು ಹರಿಯುತ್ತಿಲ್ಲ. ಪಂಪಿನ ವೇಗ ನೋಡಿ. ಪಂಪ್ ತಿರುಗುತ್ತಿದ್ದೂ ಹೀಗಾದರೆ ಬ್ಲಾಕಿನ ಸಣ್ಣ ಸಂದುಗಳಲ್ಲಿ ಕೊಳೆ ಕಟ್ಟಿದೆ. ಮೆತ್ತನೆಯ ಪ್ಲಾಸ್ಟಿಕ್ ಪೈಪಿನಿಂದ ಬಿಡುವ ಅಂಟು, ಬಣ್ಣದ ದ್ರವದ ಗಸಿ, ಎರಡೂ ಅಲ್ಲೇ ಹೋಗಿ ಕೂರುತ್ತವೆ. ಎಐಒ ಆದರೆ ಗುಳುಗುಳು ಸದ್ದು ಕೇಳಿ: ಪಂಪ್ ರೇಡಿಯೇಟರಿಗಿಂತ ಎತ್ತರದಲ್ಲಿದ್ದರೆ ಗಾಳಿ ಗುಳ್ಳೆ ಪಂಪಿನೊಳಗೆ ಸೇರಿಕೊಳ್ಳುತ್ತದೆ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಮೇಲಿರಲಿ.

ನೀರು, ಲೋಹ, ಬೇಸಿಗೆ

ಬೋರ್‌ವೆಲ್ ನೀರು ಬೇಡವೇ ಬೇಡ, ಉಪ್ಪು ಕಟ್ಟುತ್ತದೆ. ಮನೆಯ ಆರ್‌ಒ ನೀರೂ ಬೇಡ, ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಕೆಲವರು ಹಾಕುತ್ತಾರೆ. ಅದರಲ್ಲಿ ತುಕ್ಕು ತಡೆಯುವ ಅಂಶ ಇಲ್ಲ, ಪಾಚಿ ತಡೆಯುವುದೂ ಇಲ್ಲ. ವಾಟರ್ ಕೂಲಿಂಗಿಗೆ ಅಂತಲೇ ಸಿಗುವ ಬಣ್ಣವಿಲ್ಲದ ರೆಡಿ ದ್ರವ ತಂದುಬಿಡಿ. ತಾಮ್ರದ ಬ್ಲಾಕಿನ ಜೊತೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಬೇಡಿ. ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯುಮಿನಿಯಂ ಸವೆದು ಹೋಗುತ್ತದೆ, ಆ ಕೊಳೆಯೂ ಬ್ಲಾಕಿಗೇ ಬರುತ್ತದೆ. ಅಗ್ಗದ ಕಿಟ್‌ಗಳಲ್ಲಿ ಇದನ್ನು ಬರೆದಿರುವುದೇ ಇಲ್ಲ, ಕೇಳಿ ತಗೊಳ್ಳಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಬೇಸಿಗೆಯ ಲೆಕ್ಕ ಹಾಕಲೇಬೇಕು. ನೀರು ಯಾವತ್ತೂ ಕೋಣೆಗಿಂತ ತಣ್ಣಗೆ ಆಗುವುದಿಲ್ಲ. ಲೋಡಿನಲ್ಲಿ ಕೋಣೆಗಿಂತ 10ರಿಂದ 15 ಡಿಗ್ರಿ ಮೇಲಿರುವುದು ಮಾಮೂಲು. ಎಸಿ ಇಲ್ಲದ ಕೋಣೆ 40 ಇದ್ದರೆ ನೀರು 50ರಿಂದ 55. ಜನ ಜಾಸ್ತಿ ಬಳಸುವ ಡಿ5 ಪಂಪಿಗೆ 60 ಡಿಗ್ರಿ ಮಿತಿ. ಅಂಥ ಕಡೆ ರೇಡಿಯೇಟರ್ ಒಂದು ಅಳತೆ ದೊಡ್ಡದೇ ಇರಲಿ, ಏಪ್ರಿಲ್, ಮೇ ತಿಂಗಳಲ್ಲಿ ಕಾರ್ಡಿನ ಪವರ್ ಲಿಮಿಟ್ 280 ವ್ಯಾಟಿಗೆ ಇಳಿಸಿ. ಮಾಡೆಲ್ ಓಡಿಸುವವರಿಗೆ ವೇಗದಲ್ಲಿ ವ್ಯತ್ಯಾಸ ಕಮ್ಮಿಯೇ, ಯಾಕೆ ಅಂತ ಮೇಲೆ ಹೇಳಿದೆನಲ್ಲ, ಅಲ್ಲಿ ಗಡಿ ಹಾಕುವುದು ಮೆಮೊರಿ.

ಕೊನೆಗೆ ಸೋರಿಕೆ ಪರೀಕ್ಷೆ. ದ್ರವ ತುಂಬಿದ ಮೇಲೆ ಮದರ್‌ಬೋರ್ಡಿಗೆ, ಕಾರ್ಡಿಗೆ ಪವರ್ ಕೇಬಲ್ ಹಾಕಬೇಡಿ. ಪವರ್ ಸಪ್ಲೈಯ 24 ಪಿನ್ ಕನೆಕ್ಟರಿಗೆ ಜಂಪರ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆಯೇ ಸಪ್ಲೈ ಆನ್ ಮಾಡಿಸುವ ಪ್ಲಗ್) ಹಾಕಿ ಪಂಪ್ ಒಂದನ್ನೇ ಓಡಿಸಿ. ಒಂದೊಂದು ಫಿಟ್ಟಿಂಗ್ ಕೆಳಗೂ ಟಿಶ್ಯೂ ಪೇಪರ್ ಇಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಯಾವ ಪೇಪರೂ ಒದ್ದೆ ಆಗಿರದಿದ್ದರೆ ಮಾತ್ರ ಮಿಕ್ಕ ಕೇಬಲ್ ಹಾಕಿ. ಮೊದಲ ಸಲ ಆನ್ ಮಾಡಿದಾಗ ಬಯೋಸ್‌ನಲ್ಲಿ ಪಂಪಿನ ವೇಗ ತಿಳಿಸುವ ಟ್ಯಾಕೋ ವೈರ್ ಮದರ್‌ಬೋರ್ಡಿನ ಯಾವ ಹೆಡರಿಗೆ ಹಾಕಿದ್ದೀರೋ ಆ ಹೆಡರಿನ ವೇಗ ಸೊನ್ನೆಗೆ ಇಳಿದರೆ ಎಚ್ಚರಿಕೆ ಕೊಡುವ ಸೆಟ್ಟಿಂಗ್ ಇದೆಯಾ ನೋಡಿ ಆನ್ ಮಾಡಿಡಿ. ಆಮೇಲೆ ಅರ್ಧ ಗಂಟೆ ಲೋಡ್ ಕೊಟ್ಟು ಕೋರ್, ಹಾಟ್ ಸ್ಪಾಟ್, ಮೆಮೊರಿ, ನೀರು, ಕೋಣೆ, ಐದೂ ಸಂಖ್ಯೆಯನ್ನು ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕೇಸಿನ ಒಳಬಾಗಿಲಿಗೆ ಅಂಟಿಸಿ.